ಸೀಸದ ಮುದ್ರೆ ಬಿದ್ದ ಡಬ್ಬಿ

"ದಿನಾ ನಲವತ್ತು ರೈಲು ಡಬ್ಬಿಗೆ ದೀಪಾ ಹಚ್ಚೋ ಕೈ ಇದು. ಈ ಒಂದು ಮೋಟಾರಿನ ಡೈನಮೋ ನನಗ ಯಾವ ಲೆಕ್ಕ?"

ಹೀಗೆಂದು ವ್ಯಾಸರಾಜರಾಯರು ಅಜನಿ ರೈಲ್ವೆ ಕ್ವಾರ್ಟರ್ಸಿನ ಅಂಗಳದಲ್ಲಿ ಧೋತರದ ಕಚ್ಚೆ ಬಿಗಿದು ನಿಂತದ್ದು ಗುರುವಾರ ಬೆಳಿಗ್ಗೆ. ಧಾರವಾಡದಿಂದ ನಾಗಪುರಕ್ಕೆ ವರ್ಗವಾಗಿ ಬಂದ ಅವರಿಗೆ ರೈಲು ಡಬ್ಬಿಗಳ ದೀಪ, ಫ್ಯಾನುಗಳ ಉಸ್ತುವಾರಿ. ಎದುರಿಗೆ ನಿಂತದ್ದು ೧೯೨೮ನೆಯ ಇಸವಿಯ ಮೋಟಾರು ಕಾರು. ಸ್ವಾತಂತ್ರ್ಯ ಬಂದಾಗ ಒಬ್ಬ ಇಂಗ್ಲಿಷ್ ಸಾಹೇಬ ಬಿಟ್ಟುಹೋದದ್ದು. ಸಾಹೇಬನಿಗೆ ಬುದ್ಧಿ ಇತ್ತು ಎಂದು ಹೆಂಡತಿ ಕೃಷ್ಣವೇಣಿ ಆಗಾಗ ಹೇಳುತ್ತಿದ್ದಳು.

ಮೋಟಾರಿನ ರೋಗ ಇಷ್ಟೇ. ಎಂಜಿನ್ ಓಡುವಾಗ ಡೈನಮೋ ತಿರುಗಿ ಬ್ಯಾಟರಿಗೆ ಕರೆಂಟು ತುಂಬಬೇಕು. ತುಂಬುತ್ತಿದೆಯೇ ಎಂದು ಹೇಳಲು ಸ್ಟಿಯರಿಂಗಿನ ಮುಂದೆ ಗಡಿಯಾರದಂಥ ಒಂದು ಮೀಟರು. ದಸರೆಯ ಖಂಡೆಪೂಜೆ, ಅಂದರೆ ಆಯುಧಪೂಜೆ, ಮುಗಿದ ಮರುದಿನದಿಂದ ಅದರ ಮುಳ್ಳು ಸೊನ್ನೆಯಿಂದ ಮೇಲೇಳಲು ಒಲ್ಲೆ ಎನ್ನುತ್ತಿತ್ತು.

"ರವಿವಾರ ಹುಬ್ಬಳ್ಳಿಯಿಂದ ಅಣ್ಣ ಬರ್ತಾನ," ಎಂದಳು ಕೃಷ್ಣವೇಣಿ. "'ನಮ್ಮ ಮೋಟಾರು ನಿಮ್ಮನ್ನ ಕರಿಲಿಕ್ಕೆ ಸ್ಟೇಶನ್ನಿಗೆ ಬರ್ತದ' ಅಂತ ಅವಗ ನೀವ ಪತ್ರ ಬರದೀರಿ. ಅಂವ ಇದರಾಗ ಮನಿ ಮುಟ್ಟಿದ್ರ ಇದು ಇಲ್ಲೇ ಇರಲಿ. ಟಾಂಗಾದಾಗ ಬಂದ್ರ, ಸೋಮವಾರ ಇದು ಹಳೇ ಕಬ್ಬಿಣ ಕೊಳ್ಳೋ ಕಬಾಡಿಯವನ ಮನೀಗೆ. ಬರೋಬರ್?"

ಆ ಮೋಟಾರಿನ ಮೇಲೆ ರಾಯರಿಗೆ ಜೀವ. ಆದರೆ ಮೀಸೆಯ ಮೇಲೆ ಕೈಯಾಡಿಸುತ್ತ, "ಬರೋಬರ್," ಎಂದರು.

ಗುರುವಾರ ಬೆಲ್ಟು ಬಿಗಿದರು. ಮುಳ್ಳು ಏಳಲಿಲ್ಲ. ಶುಕ್ರವಾರ ಡೈನಮೋ ಕಳಚಿ ಅಡಿಗೆಮನೆಯ ಕಟ್ಟೆಯ ಮೇಲಿಟ್ಟು, ಕೃಷ್ಣವೇಣಿಯ ಹೊಸ ಕುಬಸದ ಅರಿವೆಯಿಂದ ಒರೆಸಿದರು. ಮುಳ್ಳು ಏಳಲಿಲ್ಲ, ಕೃಷ್ಣವೇಣಿ ಎದ್ದಳು. ಶನಿವಾರ ತಂತಿಗಳನ್ನೆಲ್ಲ ಎಳೆದು ಮತ್ತೆ ಜೋಡಿಸಿದರು. ಈಗ ದೀಪದ ಗುಂಡಿ ಒತ್ತಿದರೆ ದೀಪದ ಜೊತೆ ಹಾರ್ನೂ ಕೂಗುತ್ತಿತ್ತು.

"ಎಲ್ಲಾ ನೋಡಿದ್ರಿ," ಎಂದಳು ಕೃಷ್ಣವೇಣಿ. "ಆ ಡಬ್ಬಿ ಒಂದು ಯಾಕ ಬಿಟ್ರಿ?"

ಅವಳು ಬೆರಳು ಮಾಡಿದ್ದು ಡೈನಮೋಕ್ಕೂ ಬ್ಯಾಟರಿಗೂ ನಡುವಿನ ಕಟ್‌ಔಟ್ ಡಬ್ಬಿಯನ್ನು. ಕರೆಂಟು ಬ್ಯಾಟರಿಯ ಮನೆಗೆ ಹೋಗಲು ಅದೇ ಬಾಗಿಲು. ಅದರ ಮುಚ್ಚಳಕ್ಕೆ ತಂತಿ ಸುತ್ತಿ ಸೀಸದ ಮುದ್ರೆ ಒತ್ತಿತ್ತು. ಮೇಲೊಂದು ಚೀಟಿ: 'ತಪಾಸಣೆ ಆಗಿದೆ. ಬಿಚ್ಚಬಾರದು.'

"ಸೀಲ್ ಕಾಣಸೂದಿಲ್ಲೇನು? ಸೀಲ್ ಆದದ್ದು ಚಲೋನ ಇರ್ತದ. ಇಪ್ಪತ್ತು ವರ್ಷದ ನೌಕರಿಯೊಳಗ ನಾ ಒಂದು ಸೀಲ್ ಮುರದಂವಲ್ಲ."

"ಹಾಕಿದವರು ಯಾರು?"

"ಯಾರು ಹಾಕಿದ್ರೂ ಸೀಲ್ ಅಂದ್ರ ಸೀಲ್!" ಎಂದು ರಾಯರು ಮಾತು ಮುಗಿಸಿದರು.

ರವಿವಾರ ಬ್ಯಾಟರಿಯ ಕೊನೆಯ ಉಸಿರಿನ ಮೇಲೆ, ಹಿಡಿಕೆ ತಿರುವಿ ತಿರುವಿ ಮೋಟಾರು ಎಬ್ಬಿಸಿ ದಂಪತಿಗಳು ಸ್ಟೇಶನ್ ಮುಟ್ಟಿದರು. ರೈಲಿನಿಂದ ಅಣ್ಣ ಲಕ್ಷ್ಮೀಕಾಂತರಾಯರು ಇಳಿದರು. ಹುಬ್ಬಳ್ಳಿಯ ವಕೀಲರು, ಇಸ್ತ್ರಿಯ ಕೋಟು, ಜರಿಯ ರುಮಾಲು. ಇಷ್ಟು ದೊಡ್ಡ ಮನುಷ್ಯನನ್ನು ಸುಮ್ಮನೆ ಕರೆದೊಯ್ಯಲಾದೀತೇ? ರಾಯರು ಹಾಡುಹಗಲೇ ದೀಪ ಹಚ್ಚಿ, ದಾರಿಯುದ್ದಕ್ಕೂ ಹಾರ್ನು ಬಾರಿಸುತ್ತ ಮೆರವಣಿಗೆ ಹೊರಡಿಸಿದರು. ಅಜನಿ ಇನ್ನೂ ಮುಕ್ಕಾಲು ಮೈಲಿ ಇರುವಾಗ ದೀಪ ಮಂಕಾಯಿತು, ಹಾರ್ನು ಕೆಮ್ಮಿತು, ಎಂಜಿನ್ ನಿಂತಿತು.

"ಭಾವಾರ, ಏನಾತ್ರಿ?"

"ಏನಿಲ್ಲ, ಏನಿಲ್ಲ. ಸ್ವಲ್ಪ ನೂಕಿದ್ರ ಬ್ಯಾಟರಿ ತುಂಬತದ. ಗಾಲಿ ತಿರುಗಿದ್ರ ಡೈನಮೋ ತಿರಗತದ. ರೈಲು ಡಬ್ಬಿದು ಹಂಗ ಇರ್ತದ."

ಕೃಷ್ಣವೇಣಿ ಸ್ಟಿಯರಿಂಗ್ ಹಿಡಿದಳು. ವಕೀಲರೂ ರಾಯರೂ ಬೆವರು ಸುರಿಸುತ್ತ ಒಂದು ಫರ್ಲಾಂಗು ನೂಕಿದರು. ಮುಳ್ಳು ಕಣ್ಣೆತ್ತಿ ಸಹ ನೋಡಲಿಲ್ಲ. ಆಗ ರಾಯರಿಗೆ ಹೊಳೆಯಿತು. ರೈಲು ಡಬ್ಬಿಯಲ್ಲಿ ಡೈನಮೋ ತಿರುಗಿಸುವುದು ಗಾಲಿ, ಮೋಟಾರಿನಲ್ಲಿ ಎಂಜಿನ್ನು. ನ್ಯೂಟ್ರಲಿನಲ್ಲಿಟ್ಟು ಮೂವತ್ತು ಮೈಲಿ ದೂರದ ರಾಮಟೇಕದ ತನಕ ನೂಕಿದರೂ ಅಷ್ಟೇ. ಇದನ್ನು ಬಾಯಿಬಿಟ್ಟು ಹೇಳುವ ಧೈರ್ಯ ಸಾಲದೆ ಅವರು ರಸ್ತೆಯ ಪಕ್ಕದ ಕಲ್ಲಿನ ಮೇಲೆ ಕುಳಿತರು.

ಕೃಷ್ಣವೇಣಿ ಇಳಿದಳು. ಬಾನೆಟ್ ಎತ್ತಿದಳು. ತುರುಬಿನ ಪಿನ್ನು ತೆಗೆದು ಸೀಸದ ಮುದ್ರೆಯನ್ನು ಫಟ್ಟೆಂದು ಕಿತ್ತಳು. ರಾಯರು ತಮ್ಮ ಹಲ್ಲನ್ನೇ ಕಿತ್ತಂತೆ ಕಣ್ಣು ಮುಚ್ಚಿದರು.

"ಅಣ್ಣಾ, ಇಲ್ಲೆ ಬಾ. ದೇವರು ಒಳಗ ಇದ್ದಾನ ನೋಡು."

ಡಬ್ಬಿಯೊಳಗಿನ ಎರಡು ಚಿಕ್ಕ ಬಿಲ್ಲೆಗಳು ಒಂದಕ್ಕೊಂದು ತಾಗಿದರೆ ಮಾತ್ರ ಕರೆಂಟು ದಾಟೀತು. ನಡುವೆ ಒಣಗಿ ಕಲ್ಲಾದ ಗಂಧ, ಗಂಧದ ಮೇಲೆ ಕುಂಕುಮ, ಕುಂಕುಮಕ್ಕೆ ಅಂಟಿದ ಎರಡು ಅಕ್ಷತೆ.

"ಖಂಡೆಪೂಜಾ ದಿವಸ ಬಿಚ್ಚಿದವರು ಯಾರ್ರಿ?" ಎಂದರು ವಕೀಲರು, ಕೋರ್ಟಿನಲ್ಲಿ ಸಾಕ್ಷಿಯನ್ನು ಕೇಳುವ ದನಿಯಲ್ಲಿ.

"ನಾನ."

"ಗಂಧ ಹಚ್ಚಿದವರು?"

"ನಾನ. ಹೊರಗಿನ ಪೂಜಾ ಎಲ್ಲಾರೂ ಮಾಡ್ತಾರ, ಒಳಗಿನದೂ ಇರಲಿ ಅಂತ..."

"ತಪಾಸಣೆ ಅಂತ ಚೀಟಿ ಅಂಟಿಸಿದವರು?"

ರಾಯರು ಕಿಸೆಯಿಂದ ಇಣುಕುತ್ತಿದ್ದ ಸೀಸದ ಮುದ್ರೆ ಒತ್ತುವ ಇಕ್ಕಳವನ್ನು ಒಳಗೆ ತುರುಕಿದರು. ಕೃಷ್ಣವೇಣಿ ಪಿನ್ನಿನಿಂದ ಗಂಧ ಕೆರೆದು ಒರೆಸಿದಳು. ಬಾಗಿಲು ತೆರೆಯಿತು, ಆದರೆ ಬ್ಯಾಟರಿ ಬರಿದಾಗಿತ್ತು; ಹಿಡಿಕೆ ತಿರುವಿದರೂ ಎಂಜಿನ್ನಿಗೆ ಕಿಡಿ ಹಾರದು. ಅಷ್ಟರಲ್ಲಿ ಒಂದು ಟಾಂಗಾ ಬಂತು. ರಾಯರ ಮುಖ ಬಾಡಿತು. ಮೋಟಾರಿನ ಮಡಗಾರ್ಡಿನ ಮೇಲೆ ಕೈಯಿಟ್ಟು, "ಹೋಗ್ರಿ, ನೀವಿಬ್ಬರೂ ಅದರಾಗ ಹೋಗ್ರಿ. ನಾ ಇದರ ಹತ್ರ ಇರ್ತೀನಿ," ಎಂದರು.

ಕೃಷ್ಣವೇಣಿ ಗಂಡನ ಮುಖ ನೋಡಿದಳು. ಟಾಂಗಾವಾಲಾನ ಕಡೆ ತಿರುಗಿ, "ಭಾವೂ, ದೋರ್ ಆಹೇ ಕಾ?" ಎಂದು ಮರಾಠಿಯಲ್ಲಿ ಹಗ್ಗ ಕೇಳಿದಳು.

ಹಗ್ಗ ಇತ್ತು. ಕುದುರೆ ಎಳೆಯಿತು. ಮೂವರೂ ಮೋಟಾರಿನಲ್ಲೇ ಕುಳಿತರು. ರಾಯರು ಗೇರು ಹಾಕಿ ಕ್ಲಚ್ಚು ಬಿಟ್ಟರು. ಒಮ್ಮೆ ಗುಟುರು, ಎರಡು ಸಲ ಗುಟುರು, ಮೂರನೆಯದಕ್ಕೆ ಢಂ! ಎಂಜಿನ್ ಎದ್ದಿತು, ಮುಳ್ಳು ಟಣ್ಣನೆ ಮೇಲೇರಿತು. ಸದ್ದಿಗೆ ಕುದುರೆ ಕಿವಿ ನಿಗುರಿಸಿ ಕಿತ್ತುಕೊಂಡು ಓಡಿತು. ಹಗ್ಗ ಬಿಚ್ಚಲು ಯಾರಿಗೂ ವೇಳೆಯಿಲ್ಲ. ಕ್ವಾರ್ಟರ್ಸಿನ ಮಂದಿಯೆಲ್ಲ ಹೊರಬಂದು ನೋಡುವಾಗ ಟಾಂಗಾ, ಮೋಟಾರು ಎರಡೂ ಅಂಗಳ ಹೊಕ್ಕವು. ಯಾವುದು ಯಾವುದನ್ನು ಎಳೆಯಿತೋ ದೇವರೇ ಬಲ್ಲ.

ತಂಗಿಯಿಂದ ಪಂದ್ಯದ ಮಾತು ಕೇಳಿದ ವಕೀಲರು ರುಮಾಲು ಸರಿಪಡಿಸಿಕೊಂಡು ತೀರ್ಪು ಕೊಟ್ಟರು: "ಕೂತದ್ದು ಮೋಟಾರಿನಾಗ. ಮೋಟಾರು ಇರಲಿ."

ಸೋಮವಾರ ಬೆಳಿಗ್ಗೆ ರಾಯರು ಹುರುಪಿನಿಂದ ಎದ್ದು, ಹಾರ್ನಿನ ತಂತಿ ಸರಿಮಾಡಲು ಸಾಮಾನಿನ ಪೆಟ್ಟಿಗೆಗೆ ಕೈಹಾಕಿದರು. ಪೆಟ್ಟಿಗೆಗೆ ತಂತಿ ಸುತ್ತಿತ್ತು. ತಂತಿಗೆ ರಾಯರದೇ ಇಕ್ಕಳದಿಂದ ಒತ್ತಿದ ಸೀಸದ ಮುದ್ರೆ. ಮೇಲೆ ಕೃಷ್ಣವೇಣಿಯ ದುಂಡಕ್ಷರದ ಚೀಟಿ: 'ತಪಾಸಣೆ ಆಗಿದೆ. ಬಿಚ್ಚಬಾರದು.'

ಇಪ್ಪತ್ತು ವರ್ಷದ ನೌಕರಿಯಲ್ಲಿ ಒಂದು ಸೀಲನ್ನೂ ಮುರಿಯದ ಮನುಷ್ಯ ಆ ಪೆಟ್ಟಿಗೆಗೆ ಕೈಮುಗಿದು, ಟಿಫಿನ್ ಡಬ್ಬಿ ಎತ್ತಿಕೊಂಡು ಕೆಲಸಕ್ಕೆ ನಡೆದುಕೊಂಡೇ ಹೋದರು.