ಶಾರದಕ್ಕನ ಭರಣಿಯನ್ನು ನಾನು ಹಿಟ್ಟು ಮಾಡಿದ್ದು

ಆಗ ನನಗೆ ಅರವತ್ತೆಂಟು. ಅದಾಗಿ ಈಗ ಒಂಬತ್ತು ವರ್ಷ. ಮಂಡಿ ಸರಿಯಿತ್ತು, ಕಣ್ಣು ಸರಿಯಿತ್ತು, ತಲೆ ಮಾತ್ರ ಸರಿಯಿರಲಿಲ್ಲ. ಅದು ಆಮೇಲೆ ಗೊತ್ತಾಯಿತು.

ಬಾಗಲಗುಂಟೆಯ ನಮ್ಮ ಮನೆಯ ಮಹಡಿಯಲ್ಲಿ ನಂದಿನಿ ಎಂಬ ಹುಡುಗಿ ಬಾಡಿಗೆಗಿದ್ದಳು. ಶನಿವಾರ ಬಂದರೆ ಹೆಂಗಸರನ್ನು ಕೂಡಿಸಿಕೊಂಡು ಒಡವೆ ಮಾಡುವುದನ್ನು ಕಲಿಸುತ್ತಿದ್ದಳು. ಅವಳದು ಬೆಳ್ಳಿ ಮಣ್ಣಿನ ಕೆಲಸ. ಪೊಟ್ಟಣ ಒಡೆದರೆ ಒಳಗೆ ಬೂದು ಬಣ್ಣದ ಕಣಕ. ಬೆಳ್ಳಿಯ ಪುಡಿ, ಒಂದಿಷ್ಟು ಅಂಟು, ನೀರು, ಅಷ್ಟೇ. ಅದನ್ನು ನಾದಿ, ಲಟ್ಟಿಸಿ, ಓಲೆಯನ್ನೋ ಉಂಗುರವನ್ನೋ ಮಾಡಿ ಒಣಗಿಸಬೇಕು. ಆಮೇಲೆ ಗ್ಯಾಸ್ ಒಲೆಯ ಮೇಲೆ ಜಾಲರಿ ಇಟ್ಟು ಸುಡಬೇಕು. ಅಂಟೆಲ್ಲ ಉರಿದುಹೋಗಿ, ಅಳತೆ ಸ್ವಲ್ಪ ಕುಗ್ಗಿ, ಸುಣ್ಣದ ಹಾಗೆ ಬೆಳ್ಳಗಾಗುತ್ತದೆ. ಹಿತ್ತಾಳೆಯ ಬ್ರಷ್ಷಿನಲ್ಲಿ ಉಜ್ಜಿದರೆ ಥಳಥಳ ಬೆಳ್ಳಿ. ಆರ್.ಟಿ. ನಗರ, ಯಲಹಂಕದಿಂದೆಲ್ಲ ಸ್ಕೂಟರಿನಲ್ಲಿ ಬಂದು ಕಲಿಯುತ್ತಿದ್ದರು.

ನಾನು ಅವರಿಗೆ ಕಾಫಿ ಕೊಡಲು ಮೇಲೆ ಹೋಗುತ್ತಿದ್ದೆ. ಕೊಟ್ಟು ಇಳಿದು ಬರಬೇಕಾದವಳು ಗೋಡೆಗೊರಗಿ ಕೂತುಬಿಡುತ್ತಿದ್ದೆ. ಹೀಗೆ ನಾಲ್ಕು ಶನಿವಾರ ಕೂತೆ. ಐದನೆಯ ಶನಿವಾರಕ್ಕೆ ಆ ವಿದ್ಯೆ ನನಗೆ ಬಂದಿದೆ ಎಂದು ನಾನೇ ತೀರ್ಮಾನಿಸಿದೆ. ಐವತ್ತು ವರ್ಷ ಮುದ್ದೆ ತಿರುವಿದ ಕೈ ಇದು. ಆ ಹುಡುಗಿಯರು ಕಣಕ ಹಿಡಿಯುವ ರೀತಿ ನೋಡಿದರೆ ಅವರ ಮನೆಯವರು ಏನು ತಿಂದು ಬದುಕಿದ್ದಾರೋ ಎನ್ನಿಸುತ್ತಿತ್ತು. ಪೊಟ್ಟಣದ ಮೇಲೆ ಇಂಗ್ಲಿಷಿನಲ್ಲಿ ಏನೇನೋ ಬರೆದಿತ್ತು. ಹಿಟ್ಟಿನ ವಿಷಯದಲ್ಲಿ ಅಷ್ಟೊಂದು ಬರೆಯುವುದು ಏನಿರುತ್ತದೆ ಎಂದು ನಾನು ಕೇಳಲೂ ಇಲ್ಲ. ಎರಡನೇ ಕ್ಲಾಸಿಗೆ ಸ್ಕೂಲು ಬಿಟ್ಟವಳಿಗೆ ಇಂಥ ಧೈರ್ಯ ತಾನಾಗಿ ಬರುತ್ತದೆ.

ಎದುರುಮನೆಯ ಶಾರದಕ್ಕ ಧಾರವಾಡದ ಕಡೆಯವಳು. ಮಗಳು ಸವಿತಾಳ ಮದುವೆಗೆ ಹದಿನೈದು ದಿನ ಉಳಿದಿತ್ತು. ಶಾರದಕ್ಕನ ಅತ್ತೆ ಗಂಗವ್ವ ಹುಬ್ಬಳ್ಳಿಯಿಂದ ಬೆಳ್ಳಿಯದೊಂದು ಕುಂಕುಮದ ಭರಣಿ ಕಳಿಸಿದ್ದರು. ಮುಚ್ಚಳ ಹೋಗಿತ್ತು, ಹೊಟ್ಟೆ ತಗ್ಗುಬಿದ್ದಿತ್ತು. ಗಂಗವ್ವನ ತಾಯಿಯ ಕಾಲದ್ದು. ಮೊಮ್ಮಗಳ ಕಾಲುಂಗುರ ಅದೇ ಬೆಳ್ಳಿಯಲ್ಲಿ ಆಗಬೇಕು, ಬೇರೆ ಬೆಳ್ಳಿ ಒಂದು ಗುಲಗಂಜಿಯಷ್ಟೂ ಸೇರಕೂಡದು ಎಂಬುದು ಹುಬ್ಬಳ್ಳಿಯ ಆಜ್ಞೆ. ಅಂಗಡಿಗೆ ಕೊಟ್ಟರೆ ಹಳೆಯದನ್ನು ತೂಕಕ್ಕೆ ಹಾಕಿಕೊಂಡು ಬೇರೆ ಬೆಳ್ಳಿಯ ಉಂಗುರ ಕೊಡುತ್ತಾರೆ. ಹಾಗಾಗಿ ಶಾರದಕ್ಕ ಭರಣಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ನಮ್ಮ ಮೆಟ್ಟಿಲ ಮೇಲೆ ಕೂತಳು.

“ನಮ್ಮತ್ತಿ ಕೈಯಾಗ ಹಿಡದ್ರ ಸಾಕು, ಗುರ್ತು ಹಿಡೀತಾರ್ರಿ. ಬ್ಯಾರೆ ಬೆಳ್ಳಿ ಹಾಕಿದ್ರ ಮಂಟಪಕ್ಕ ಕಾಲಿಡೂದಿಲ್ಲ ಅಂದಾರ.”

“ಇಷ್ಟಕ್ಕೆ ಯಾಕಿಂಗೆ ಮುಖ ಸೊಟ್ಟ ಮಾಡ್ಕೊಂಡಿದ್ದೀಯ? ಕೊಡಿಲ್ಲಿ,” ಎಂದೆ. “ಹಿಟ್ಟು ಮಾಡಿಸ್ತೀನಿ. ನಿನ್ ಮಗಳ ಕಾಲುಂಗುರ ನಿನ್ ಕೈಯಾರೆ ನೀನೇ ಮಾಡು. ನಾನು ಹೇಳ್ಕೊಡ್ತೀನಿ.”

ನಂದಿನಿ ಹತ್ತು ದಿನದ ಮಟ್ಟಿಗೆ ಊರಿಗೆ ಹೋಗಿದ್ದಳು. ಫೋನ್ ಮಾಡಿ ಒಂದು ಮಾತು ಕೇಳಬಹುದಿತ್ತು. ಕೇಳಿದರೆ ನನಗೆ ಗೊತ್ತಿಲ್ಲ ಎಂದಾಗುತ್ತಿತ್ತು. ಕೇಳಲಿಲ್ಲ.

ನಮ್ಮ ಯಜಮಾನರು ಪೀಣ್ಯದಲ್ಲಿ ಮೂವತ್ತು ವರ್ಷ ಲೇತ್ ಮಷೀನಿನ ಮುಂದೆ ನಿಂತವರು. ಭರಣಿಯನ್ನು ತಿರುಗಿಸಿ ನೋಡಿ, ಪುಡಿ ಮಾಡಿದರೆ ಪುಡಿಯಾಗುತ್ತದೆ, ಮತ್ತೆ ಅಂಟುವುದಿಲ್ಲ ಎಂದರು. ನಿಮಗೇನು ಗೊತ್ತು ಎಂದು ಕೇಳಿದೆ.

“ಲೋಹ,” ಎಂದರು.

ಬೆಳ್ಳಿ ಬೇರೆ ಲೋಹ ಬೇರೆ ಎಂದು ಅವರ ಬಾಯಿ ಮುಚ್ಚಿಸಿ ನಾನು ಸೀದಾ ಹೊರಟದ್ದು ಹಿಟ್ಟಿನ ಗಿರಣಿಗೆ.

ಹೌದು, ಗಿರಣಿಗೇ. ರಾಗಿ ಡಬ್ಬ ಹಿಡಿದು ನಿಂತಿದ್ದ ಆರು ಜನರ ಹಿಂದೆ ಪಾಳಿಯಲ್ಲಿ ನಿಂತು, ನನ್ನ ಸರದಿ ಬಂದಾಗ ಭರಣಿಯನ್ನು ಮುಂದಿಟ್ಟೆ. ನಯವಾಗಿ ಎರಡು ಸಲ ಬೀಸಪ್ಪ ಎಂದೆ. ಗಿರಣಿಯವನು ಭರಣಿಯನ್ನು ನೋಡಿದ, ನನ್ನನ್ನು ನೋಡಿದ, ಮಷೀನು ನಿಲ್ಲಿಸಿದ.

“ಅಜ್ಜಿ, ರಾಗಿ ತಂದ್ರೆ ರಾಗಿ ಕಲ್ಲಿಗೆ ಹಾಕ್ತೀನಿ, ಗೋಧಿ ತಂದ್ರೆ ಗೋಧಿ ಕಲ್ಲಿಗೆ. ಇದನ್ನ ಯಾವ್ದಕ್ಕೆ ಹಾಕ್ಲಿ?”

ಹಿಂದೆ ನಿಂತಿದ್ದ ಹೆಂಗಸೊಬ್ಬಳು ನನಗಿಂತ ಮೊದಲು ತನ್ನದನ್ನು ಬೀಸಿಕೊಡಬೇಕೆಂದು ಗಲಾಟೆ ತೆಗೆದಳು. ಭರಣಿ ವಾಪಸ್ ಬಂತು.

ಉಳಿದದ್ದು ಅರ. ಯಜಮಾನರ ಹಳೆಯ ಅರವನ್ನು ಅಟ್ಟದಿಂದ ಇಳಿಸಿದೆ. ಭರಣಿಯನ್ನು ಇಕ್ಕಳಕ್ಕೆ ಕಚ್ಚಿಸಿ ಕೊಟ್ಟು ಅವರು ಪೇಪರ್ ಓದಲು ಹೋದರು. ಮೂರು ದಿನ ನಾನು ಉಜ್ಜಿದೆ. ಕೈ ಬೊಬ್ಬೆ ಬಂತು. ಭುಜ ಬಿದ್ದುಹೋಯಿತು. ಗಂಗವ್ವನ ತಾಯಿ ಅದ್ಯಾವ ಪುಣ್ಯದಿಂದ ಇಷ್ಟು ದಪ್ಪದ ಭರಣಿ ಇಟ್ಟುಕೊಂಡಿದ್ದಳೋ ಎಂದು ಬೈದುಕೊಂಡೆ. ಮೂರನೆಯ ದಿನ ಸಂಜೆಗೆ ಭರಣಿ ಇರಲಿಲ್ಲ, ಹಳೇ ಪೇಪರಿನ ಮೇಲೆ ಬೂದು ಪುಡಿಯಿತ್ತು. ಅಂಟಿಗೆ ನೆನೆಸಿ ರುಬ್ಬಿದ ಮೆಂತ್ಯ, ಬೇಯಿಸಿದ ಮೈದಾ. ಕಲೆಸಿದೆ. ಥೇಟ್ ನಂದಿನಿಯ ಪೊಟ್ಟಣದ್ದೇ. ವಾಸನೆ ಮಾತ್ರ ದೋಸೆಯದು.

ಶನಿವಾರ ನನ್ನ ಅಡುಗೆಮನೆಯಲ್ಲಿ ತರಗತಿ ಆರಂಭವಾಯಿತು. ಶಾರದಕ್ಕ ಬಂದಳು, ಅವಳ ಜೊತೆಗೆ ಬೀದಿಯ ಇನ್ನಿಬ್ಬರು ಹೆಂಗಸರು ನೋಡಲೆಂದು ಬಂದರು. ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದೆ. ನಂದಿನಿ ಹೇಳುವಂತೆಯೇ ಗಂಭೀರವಾಗಿ, ಇದು ಬಹಳ ಸೂಕ್ಷ್ಮವಾದ ಕಲೆ, ಅವಸರ ಪಡಬಾರದು, ಸುಟ್ಟಾಗ ಕುಗ್ಗುತ್ತದೆ ಆದ್ದರಿಂದ ಅಳತೆಗಿಂತ ದೊಡ್ಡದು ಮಾಡಬೇಕು ಎಂದೆಲ್ಲ ಅಪ್ಪಣೆ ಕೊಡಿಸಿದೆ. ಶಾರದಕ್ಕ ಮಗಳ ಬೆರಳಿನ ಅಳತೆಯ ದಾರ ತಂದಿದ್ದಳು. ನಾಲಿಗೆ ಕಚ್ಚಿಕೊಂಡು, ಇದ್ದ ಕಣಕವನ್ನೆಲ್ಲ ಎಳೆಯಾಗಿ ಹೊಸೆದು, ಎರಡು ಕಾಲುಂಗುರ ಮಾಡಿದಳು. ಚೆನ್ನಾಗಿಯೇ ಬಂದವು. ಅವಳ ಕಣ್ಣಲ್ಲಿ ನೀರು ಬಂತು. ಮೆಂತ್ಯದ ಖಾರಕ್ಕೆ ಇರಬೇಕು ಎಂದುಕೊಂಡೆ. ಮೆಂತ್ಯಕ್ಕೆ ಖಾರವಿಲ್ಲ.

ಬಿಸಿಲಲ್ಲಿ ಒಣಗಿಸಿ, ಮಧ್ಯಾಹ್ನ ಜಾಲರಿಯ ಮೇಲಿಟ್ಟು ಉರಿ ಹಚ್ಚಿದೆ. ಮೊದಲು ಹೊಗೆ ಬಂತು. ಅಂಟು ಹೋಗುತ್ತಿದೆ, ಹೆದರಬೇಡಿ ಎಂದೆ. ಆಮೇಲೆ ಕಪ್ಪಾಯಿತು. ಮೊದಲು ಕಪ್ಪಾಗಿ ಆಮೇಲೆ ಬಿಳಿಯಾಗುತ್ತದೆ ಎಂದೆ. ಆಮೇಲೆ ಸುಟ್ಟ ದೋಸೆಯ ವಾಸನೆ ರಸ್ತೆಯವರೆಗೆ ಹೋಯಿತು.

ಒಲೆ ಆರಿಸಿ ಚಿಮ್ಮಟದಲ್ಲಿ ಒಂದನ್ನು ಮುಟ್ಟಿದೆ. ಉಂಗುರ ಪುಸಕ್ಕನೆ ಕುಸಿದು ಬೂದಿಯ ಗುಪ್ಪೆಯಾಯಿತು. ಎರಡನೆಯದನ್ನು ಮುಟ್ಟುವುದೇ ಬೇಕಾಗಲಿಲ್ಲ, ಮೊದಲನೆಯದನ್ನು ನೋಡಿಯೇ ಅದೂ ಕುಸಿಯಿತು.

ಒಳಗೆಲ್ಲೋ ಬೆಳ್ಳಿ ಗಟ್ಟಿಯಾಗಿರಬೇಕು, ಮೇಲಿನ ಬೂದಿ ಹೋದರೆ ಕಾಣುತ್ತದೆ ಎಂದು ನನಗೆ ಹೊಳೆಯಿತು. ಹುಟ್ಟಿದಾಗಿನಿಂದ ಸೌದೆ ಒಲೆ ಊದಿದವಳು ನಾನು. ಬೂದಿ ಕಂಡರೆ ಬಾಯಿ ತಾನಾಗಿ ಹೋಗುತ್ತದೆ.

ಊದಿದೆ.

ಗಂಗವ್ವನ ತಾಯಿಯ ಭರಣಿ ಅಡುಗೆಮನೆಯ ತುಂಬ ಹರಡಿತು. ಸಾಸಿವೆ ಡಬ್ಬದ ಮೇಲೆ, ಶಾರದಕ್ಕನ ಜಡೆಯ ಮೇಲೆ, ನನ್ನ ಇಸ್ತ್ರಿ ಸೀರೆಯ ಮೇಲೆ. ನೋಡಲು ಬಂದಿದ್ದ ಇಬ್ಬರು ಎಲ್ಲವನ್ನೂ ನೋಡಿ, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇವೆ ಎಂದು ಹೊರಟುಹೋದರು. ಶಾರದಕ್ಕ ಅಲ್ಲೇ ನೆಲದ ಮೇಲೆ ಕುಕ್ಕರಿಸಿದಳು.

“ಅಕ್ಕಾರ, ಈಗ ನಮ್ಮತ್ತಿಗೆ ಏನಂತ ಹೇಳ್ಲಿ?”

ನನಗೆ ಗೊತ್ತಿದ್ದ ಒಂದೇ ಉತ್ತರ ಪೊರಕೆ. ಇಬ್ಬರೂ ಗುಡಿಸಿದೆವು. ಒಂದು ಡಬ್ಬದಷ್ಟು ಸಿಕ್ಕಿತು: ಬೆಳ್ಳಿ, ಬೂದಿ, ರಾಗಿ ಹಿಟ್ಟು, ಒಂದೆರಡು ಕೂದಲು.

ಸೋಮವಾರ ನಂದಿನಿ ಬಂದಳು. ಡಬ್ಬದೊಳಗೆ ಬೆರಳಾಡಿಸಿ, ಬೈಯಲು ಬಾಯಿ ತೆಗೆದು, ನನ್ನ ಕೈಯ ಬೊಬ್ಬೆ ನೋಡಿ ದನಿ ತಗ್ಗಿಸಿದಳು.

“ಇದು ರವೆ ಅಜ್ಜಿ. ನನ್ ಪ್ಯಾಕೆಟ್‌ದು ಪೌಡರಿಗಿಂತ ನುಣ್ಣಗಿರುತ್ತೆ, ಬರೀ ಶುದ್ಧ ಬೆಳ್ಳಿ. ಅದಕ್ಕೇ ಕಾಯ್ದಾಗ ಒಂದಕ್ಕೊಂದು ಹಿಡ್ಕೊಳ್ಳುತ್ತೆ. ಹಳೇ ಭರಣೀಲಿ ತಾಮ್ರಾನೂ ಇರುತ್ತೆ. ಅರದಲ್ಲಿ ಉಜ್ಜಿದ್ರೆ ಆಗಲ್ಲ.” ಆಮೇಲೆ, ಅಕ್ಕಸಾಲಿಗರ ಹತ್ತಿರ ಒಯ್ದರೆ ಕಸದಿಂದಲೂ ಬೆಳ್ಳಿ ಕರಗಿಸಿ ತೆಗೆಯುತ್ತಾರೆ ಎಂದು ದಾರಿ ತೋರಿಸಿದಳು.

ಮರುದಿನವೇ ನಾನೂ ಶಾರದಕ್ಕನೂ ಮೆಟ್ರೋ ಹತ್ತಿ ಯಶವಂತಪುರಕ್ಕೆ ಹೊರಟೆವು. ಸ್ಟೇಷನ್ನಿನಲ್ಲಿ ಕಾವಲಿನ ಹುಡುಗಿ ಡಬ್ಬ ತೆಗೆಸಿ, ಇದೇನು ಎಂದಳು. ಕಾಲುಂಗುರ ಎಂದೆ. ಅವಳು ಕಸ ನೋಡಿದಳು, ನಮ್ಮಿಬ್ಬರನ್ನು ನೋಡಿದಳು, ಪಾಪ ಎಂಬಂತೆ ಒಳಗೆ ಬಿಟ್ಟಳು.

ಅಕ್ಕಸಾಲಿಗರು ವಯಸ್ಸಾದವರು. ನಮ್ಮೆದುರಿಗೇ ಮೂಸೆಯಲ್ಲಿ ಹಾಕಿ, ಬಿಳಿಗಾರ ಉದುರಿಸಿ, ಕರಗಿಸಿ, ಮೇಲಿನ ಕಲ್ಮಷ ತೆಗೆದರು. ಅಡಿಯಲ್ಲಿ ಒಂದು ಹುಣಿಸೆ ಬೀಜದಷ್ಟು ಬೆಳ್ಳಿ ಕೂತಿತ್ತು. ಸಂಜೆಯೊಳಗೆ ಎರಡು ಕಾಲುಂಗುರ ಹೊಡೆದು ಕೈಗಿಟ್ಟರು. ತೆಳ್ಳಗೆ, ಆದರೆ ಅಳತೆ ಸರಿಯಾಗಿ.

“ಭರಣೀನೇ ತಂದಿದ್ರೆ ಹಿಂಗೇ ನಿಮ್ಮೆದುರಿಗೇ ಕರಗಿಸಿ ಮಾಡ್ಕೊಡ್ತಿದ್ದೆ ಕಣಮ್ಮಾ,” ಎಂದರು. “ದಪ್ಪಗೂ ಬರ್ತಿತ್ತು.”

ಕೂತು ಮಾಡಿಸಿಕೊಳ್ಳಬಹುದು ಎಂಬುದು ನಮ್ಮಿಬ್ಬರಿಗೂ ಹೊಳೆದಿರಲಿಲ್ಲ. ಮನೆ ಮುಟ್ಟುವವರೆಗೆ ಶಾರದಕ್ಕ ನನ್ನ ಮುಖ ನೋಡಲಿಲ್ಲ.

ಮದುವೆಗೆ ಎರಡು ದಿನವಿರುವಾಗ ಗಂಗವ್ವ ಹುಬ್ಬಳ್ಳಿಯಿಂದ ಇಳಿದರು. ಸಣ್ಣ ಮುದುಕಿ, ಕಡ್ಡಿಯಂಥವರು. ಚಹಾ ಕೂಡ ಮುಟ್ಟದೆ ಕಾಲುಂಗುರ ಕೇಳಿದರು. ನಾನೂ ಹೋಗಿ ಬಾಗಿಲಲ್ಲಿ ನಿಂತಿದ್ದೆ. ಅವರು ಉಂಗುರವನ್ನು ಅಂಗೈಯಲ್ಲಿ ತೂಗಿದರು, ಹಲ್ಲಿನಲ್ಲಿ ಕಚ್ಚಿದರು.

“ಬೆಳ್ಳಿ ಅದೇ ಐತಿ,” ಎಂದರು. “ಆದ್ರ ಅರ್ಧ ಐತಿ. ಉಳಿದರ್ಧ ಎಲ್ಲಿ?”

ಶಾರದಕ್ಕ ನೆಲ ನೋಡಿದಳು. ಅವಳ ತಪ್ಪೇನೂ ಇರಲಿಲ್ಲ. ನಾನೇ ಮುಂದೆ ಬಂದು ಗಿರಣಿ, ಅರ, ಮೆಂತ್ಯ, ಎಲ್ಲ ಒಂದೇ ಉಸಿರಿನಲ್ಲಿ ಒಪ್ಪಿಸಿದೆ. ಊದಿದ್ದನ್ನು ಮಾತ್ರ ಗಾಳಿಗೆ ಹಾರಿತು ಎಂದೆ.

“ಗಾಳಿ ಯಾರ ಬಾಯಿಂದು?”

“ನಂದೇ.”

ಮುದುಕಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಂಟಪದ ಮಾತು ಈಗ ಬರುತ್ತದೆ ಎಂದು ಶಾರದಕ್ಕ ಗೋಡೆ ಹಿಡಿದುಕೊಂಡಳು.

“ಮಂಟಪಕ್ಕ ಬರ್ತೀನಿ,” ಎಂದರು ಗಂಗವ್ವ. “ಹುಡುಗಿ ಕಾಲಿಗೆ ಇವನ್ನ ಹಾಕ್ರಿ. ಉಳಿದದ್ದು ಈಕಿ ಮನ್ಯಾಗ ಐತಿ. ಈಕಿನೇ ಹುಡುಕಿ ಕೊಡ್ಲಿ.”

ಮರುದಿನ ಬೆಳಿಗ್ಗೆ ಆರಕ್ಕೇ ನಾನು ಮೊರ, ಜರಡಿ ಹಿಡಿದು ಅಡುಗೆಮನೆಯಲ್ಲಿ ಮಂಡಿಯೂರಿದೆ. ಗಂಗವ್ವ ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಸಾಸಿವೆ ಕೇರಿದೆ, ಹಿಟ್ಟು ಜರಡಿ ಹಿಡಿದೆ, ಸಿಂಕಿನ ಕೆಳಗಿನ ಸಂದಿಯನ್ನು ಹಂಚಿಕಡ್ಡಿಯಲ್ಲಿ ಕೆದಕಿದೆ. ಆ ಸಂದಿಯಲ್ಲಿ ಒಂದು ಚಿಟಿಕೆ ಹೊಳೆಯುವ ಪುಡಿ ಸಿಕ್ಕಿತು. ಕಾಗದದ ಮೇಲೆ ಹಾಕಿ, ಎರಡೂ ಕೈಯಲ್ಲಿ ಹಿಡಿದು, ಉಸಿರು ಬಿಗಿಹಿಡಿದು ಮುದುಕಿಯ ಮುಂದೆ ನಿಂತೆ. ಅಷ್ಟರಲ್ಲಿ ಯಜಮಾನರು ಬಂದು ಜೇಬಿನಿಂದ ಅಯಸ್ಕಾಂತ ತೆಗೆದು ಅದರ ಹತ್ತಿರ ಹಿಡಿದರು. ಪುಡಿಯೆಲ್ಲ ಎದ್ದು ಹೋಗಿ ಅದಕ್ಕೆ ಕಚ್ಚಿಕೊಂಡಿತು. ಬೆಳ್ಳಿ ಹಾಗೆ ಕಚ್ಚುವುದಿಲ್ಲವಂತೆ. ಅದು ನಾನು ಪಾತ್ರೆ ತಿಕ್ಕುವ ಕಬ್ಬಿಣದ ನಾರಿನ ಚೂರು.

ಗಂಗವ್ವ ಕುರ್ಚಿಯಿಂದ ಏಳಲಿಲ್ಲ. ನಾನು ಮತ್ತೆ ಸಿಂಕಿನ ಹತ್ತಿರ ಹೋಗಿ, ಹೇಗೂ ಇಲ್ಲಿಗೆ ಬಂದೆನಲ್ಲ ಎಂದು, ಅದೇ ಕಬ್ಬಿಣದ ನಾರಿನಲ್ಲಿ ರಾತ್ರಿಯ ಸಾರಿನ ತಪ್ಪಲೆ ತಿಕ್ಕಿದೆ.