ಅವ್ವನ ಶಾವಿಗೆ ಮತ್ತು ನೂರಾ ನಲವತ್ತೊಂದು ಡಿಗ್ರಿ

ಬಿಸಿಯಾದಾಗ ಸುಮ್ಮನಾಗುವ ಗುಣ ನಮ್ಮ ಮನೆಯಲ್ಲಿ ಯಾರಿಗೂ ಇಲ್ಲ. ಅಪ್ಪ ಬಿಸಿಯಾದರೆ ಓಣಿಯ ಕೊನೆಯವರೆಗೆ ಕೇಳಿಸುತ್ತದೆ. ಅಣ್ಣ ಲಗಮಣ್ಣ ಬಿಸಿಯಾದರೆ ಸೈಕಲ್ಲಿಗೆ ಒದೆಯುತ್ತಾನೆ. ಅವ್ವ ಬಿಸಿಯಾದರೆ ಅವಳ ಬದಲು ಪಾತ್ರೆಗಳು ಮಾತಾಡುತ್ತವೆ. ಬಿಸಿ ಹೆಚ್ಚಾಯಿತು, ಇನ್ನು ಸಾಕು ಎಂದು ತಾನಾಗಿಯೇ ಬಾಯಿ ಮುಚ್ಚಿಕೊಳ್ಳುವ ಬುದ್ಧಿ ಇದ್ದದ್ದು ಒಂದೇ ಒಂದು ವಸ್ತುವಿಗೆ. ಅದು ನಮ್ಮ ವೈನಿಯ, ಅಂದರೆ ಅತ್ತಿಗೆಯ, ಹೇರ್ ಡ್ರೈಯರ್. ಅದರ ಆ ಬುದ್ಧಿಯಿಂದಲೇ ನಾನು ಹಾಳಾದೆ.

ವೈನಿ ಮಂದಾಕಿನಿ ನಿಪ್ಪಾಣಿಯವಳು. ತೊಂಬತ್ತನಾಲ್ಕರ ಮಾರ್ಚಿನಲ್ಲಿ ಮದುವೆಯಾಗಿ ರಾಯಬಾಗಕ್ಕೆ ಬರುವಾಗ ಮುಂಬೈಯ ಸೋದರಮಾವ ಕೊಟ್ಟ ಈ ಡ್ರೈಯರನ್ನೂ ತಂದಳು. ಬಣ್ಣ ಗುಲಾಬಿ, ಆಕಾರ ಪಿಸ್ತೂಲಿನದು. ತಲೆ ಎರೆದುಕೊಂಡ ದಿನ ಅವಳು ಅದನ್ನು ಕಿವಿಯ ಹತ್ತಿರ ಹಿಡಿದು ಗುಂಡಿ ಒತ್ತಿದರೆ ಬಿಸಿಗಾಳಿ ಭರ್ ಎಂದು ಹೊರಡುತ್ತಿತ್ತು. ಅವ್ವ ವೈನಿಯ ಮುಂದೆ ಏನೂ ಅನ್ನಲಿಲ್ಲ. ಅನ್ನುವುದನ್ನೆಲ್ಲ ಓಣಿಯ ನಲ್ಲಿಯ ಹತ್ತಿರ ಅಂದಳು.

"ಕೂದಲಾ ಒಣಗಸಾಕ ಕರೆಂಟ ಬೇಕಂತ ನೋಡ್ರಿ! ಸೂರ್ಯಾಗ ನಾವೇನ ಪಗಾರ ಕೊಡತೇವೇನ? ಪುಕಟ ಅದಾನಲ್ಲ!"

ಮೇ ತಿಂಗಳಲ್ಲಿ ವೈನಿ ಯಾರದೋ ಮದುವೆಗೆಂದು ತವರಿಗೆ ಹೋದಳು. ಅವ್ವ ಬೀಗರ ಮನೆಗೆ ಕಳಿಸಲೆಂದು ಗೋದಿ ಶಾವಿಗೆ ಹೊಸೆದು, ಪಡಸಾಲೆಯಲ್ಲಿ ಬಿದಿರಿನ ಗಳಕ್ಕೆ ತೂಗುಹಾಕಿದಳು. ಅದೇ ದಿನ ಪುಕಟ ಸೂರ್ಯ ರಜೆ ಹಾಕಿದ. ಆಕಾಶ ತುಂಬ ಮೋಡ, ಜಿಟಿಜಿಟಿ ಮಳೆ. ಶಾವಿಗೆ ತೇವ ಹಿಡಿದು, ಒಂದು ಮೂಲೆಯಲ್ಲಿ ಹುಳಿ ವಾಸನೆಯೂ ಶುರುವಾಯಿತು.

ನಾನು ಹಿತ್ತಲಲ್ಲಿ ಅಪ್ಪನ ಬ್ಯಾಟರಿ, ಅಂದರೆ ಟಾರ್ಚು, ಬಿಚ್ಚಿಕೊಂಡು ಕೂತಿದ್ದೆ. ಒಳಗೆ ಭರ್ ಎಂಬ ಸದ್ದು ಕೇಳಿಸಿತು. ಬಹಳ ಹೊತ್ತು ಕೇಳಿಸಿತು. ಆಮೇಲೆ ನಿಂತಿತು.

"ಸತ್ಯಾ, ಬಾರೋ ಲಗೂನ! ಪಿಸ್ತೂಲಿಗೆ ಉಸರ ಬರವಲ್ದು!" ಎಂದು ಅವ್ವ ಕೂಗಿದಳು.

ಹೋಗಿ ನೋಡಿದರೆ, ಬಿಸಿ ಪೋಲಾಗಬಾರದೆಂದು ಅವ್ವ ಶಾವಿಗೆಗೆ ಅಪ್ಪನ ಧೋತರ ಹೊದಿಸಿದ್ದಳು. ಒಳಗೆ ಡ್ರೈಯರ್ ತೂರಿಸಿ, ಅದಕ್ಕೂ ಚಳಿಯಾದೀತೆಂಬಂತೆ ಅದರ ಹಿಂಭಾಗಕ್ಕೆ ಧೋತರದ ಚುಂಗನ್ನು ಸುತ್ತಿದ್ದಳು. ಗಾಳಿ ಒಳಗೆ ಹೋಗುವ ಜಾಳಿಗೆ ಇರುವುದೇ ಹಿಂಭಾಗದಲ್ಲಿ.

"ಅಕಿ ಐತವಾರ ಬರತಾಳೋ," ಎಂದಳು ಅವ್ವ. ಅವಳ ದನಿ ಅಷ್ಟು ಸಣ್ಣಗಾದದ್ದನ್ನು ನಾನು ಮೊದಲ ಸಲ ಕೇಳಿದೆ. "ಇಡೀ ಓಣ್ಯಾಗ ಏನೇನ ಮಾತಾಡೇನಿ ನಾ! ಈಗ ನಾನ ಶಾವಿಗಿ ಒಣಗಸಾಕ ಹೋಗಿ ಕೆಡಿಸೇನಿ ಅಂತ ಗೊತ್ತಾದ್ರ ನಲ್ಲಿಗೆ ಯಾವ ಮಾರಿ ತಗೊಂಡ ಹೋಗಲಿ? ಅಕಿ ಬರೂದ್ರಾಗ ರಿಪೇರಿ ಮಾಡು. ನನ್ನ ಹೆಸರ ಮಾತ್ರ ಎತ್ತಬ್ಯಾಡ. ಆಣಿ ಮಾಡು."

ಮಾಡಿದೆ. (ಆಣೆ ಮಾಡುವ ಮೊದಲು ಹಿಂದೆ ಮುಂದೆ ನೋಡದ್ದು ನನ್ನ ಜೀವನದಲ್ಲಿ ಇದೊಂದೇ ಸಲ.)

ನನ್ನ ಬಗ್ಗೆ ಹೇಳಬೇಕೆಂದರೆ, ನಾನು ಶಾಲೆ ಬಿಟ್ಟವನು. ಮಾಸ್ತರರು ಪ್ರಶ್ನೆ ಕೇಳಿದರೆ ನನಗೆ ಉತ್ತರ ಗೊತ್ತಿರುತ್ತಿತ್ತು. ಅದು ಸರಿಯೋ ಎಂದು ಒಳಗೊಳಗೇ ತಾಳೆ ನೋಡಿ ಕೈ ಎತ್ತುವಷ್ಟರಲ್ಲಿ ಮಾಸ್ತರರು ಮುಂದಿನ ಪಾಠದಲ್ಲಿರುತ್ತಿದ್ದರು. ವಿದ್ಯುತ್ ಸಾಮಾನುಗಳಿಗೆ ಮಾತ್ರ ಅವಸರವಿರುವುದಿಲ್ಲ. ಬಿಚ್ಚಿಟ್ಟರೆ ಕಾಯುತ್ತವೆ.

ಡ್ರೈಯರಿನ ಶವಪರೀಕ್ಷೆ ಮಾಡಿದೆ. ಸುರುಳಿ ಸರಿಯಿತ್ತು, ಮೋಟಾರು ಸರಿಯಿತ್ತು. ಪ್ರಾಣ ಬಿಟ್ಟಿದ್ದು ನಡುವೆ ಕೂತಿದ್ದ ಥರ್ಮಲ್ ಫ್ಯೂಜು: ಹುಣಸೆ ಬೀಜಕ್ಕಿಂತ ಚಿಕ್ಕದು, ಎರಡೂ ಕಡೆ ಮೀಸೆಯಂಥ ತಂತಿ. ಮೀಟರಿನ ಫ್ಯೂಜು ಕರೆಂಟು ಹೆಚ್ಚಾದರೆ ಹೋಗುತ್ತದೆ, ಇದು ಬಿಸಿ ಹೆಚ್ಚಾದರೆ. ಒಮ್ಮೆ ಹೋಯಿತೆಂದರೆ ಹೋಯಿತು. (ಇಸ್ತ್ರಿಪೆಟ್ಟಿಗೆಯ ಥರ್ಮೋಸ್ಟಾಟು ನಮ್ಮ ಅಪ್ಪನ ಹಾಗೆ: ನಿಲ್ಲುತ್ತದೆ, ತಣ್ಣಗಾಗುತ್ತದೆ, ಮತ್ತೆ ಶುರುವಾಗುತ್ತದೆ. ಥರ್ಮಲ್ ಫ್ಯೂಜು ತೆಲಸಂಗದ ನಮ್ಮ ಕೆಂಚವ್ವ ಅತ್ತೆಯ ಹಾಗೆ: ಸೀರೆಯ ಮಾತಿಗೆ ಮುನಿಸಿಕೊಂಡು ಹೋದವಳು ಇವತ್ತಿಗೂ ನಮ್ಮ ಹೊಸಲು ತುಳಿದಿಲ್ಲ.) ಎಷ್ಟು ಡಿಗ್ರಿಗೆ ಹೋಗಬೇಕು ಎಂಬುದನ್ನು ಅದರ ಹೊಟ್ಟೆಯ ಮೇಲೆ ಬರೆದಿರುತ್ತಾರೆ. ಮೊದಲ ಅಂಕಿ ಒಂದು, ಕೊನೆಯದೂ ಒಂದು. ನಡುವಿನದು ಕಪ್ಪಾಗಿ ಹೋಗಿತ್ತು.

ಇಂಥ ಸಾಮಾನು ನಿಪ್ಪಾಣಿಯಲ್ಲಿ ಸಿಗುತ್ತದೆ. ಆದರೆ ಅಲ್ಲಿ ವೈನಿಯಿದ್ದಳು. ಚಿಕ್ಕೋಡಿಗೆ ಹೊರಟೆ. "ಪ್ಯಾಟಿಗೆ ಹಿಂಗ ಹೋಗತೀಯೇನ?" ಎಂದು ಅವ್ವ ನನಗೆ ತಲೆ ಬಾಚಿ, ಅಣ್ಣನ ಹೊಸ ಅಂಗಿ ತೊಡಿಸಿ ಕಳಿಸಿದಳು.

ಅಲ್ಲಿಯ ರಿಪೇರಿ ಅಂಗಡಿಯ, ಅರ್ಧ ಮರಾಠಿ ಮಾತಿನ ಜ್ಞಾನದೇವ ರೇಡಿಯೋ, ಫ್ಯಾನು, ಇಸ್ತ್ರಿ ಎಲ್ಲದಕ್ಕೂ ವೈದ್ಯ. ಉಳಿದ ಗಿರಾಕಿಗಳೆಲ್ಲ ಹೋಗುವವರೆಗೆ ನಾನು ಎದುರಿನ ಹುಣಸೆ ಮರದ ಕೆಳಗೆ ನಿಂತಿದ್ದೆ. (ನಾಲ್ಕು ಜನರ ಮುಂದೆ ನನಗೆ ಮಾತು ಹೊರಡುವುದಿಲ್ಲ.)

"ಬೋಲಾ ಭಾವು, ಆಗಿಂದ ನೋಡಾಕತ್ತೇನಿ. ಏನ ಬೇಕಾಗೇತಿ?"

ಹೇಳಿದೆ.

"ಹತ್ತೇರಿ! ಅದಕ್ಕ ಫ್ಯೂಜ ಯಾಕ? ಒಂದ ತಂತಿ ತುಂಡ ಜೋಡಸು. ಝಾಲಾ, ಮುಗೀತು! ಜನ್ಮದಾಗ ಹೋಗೂದಿಲ್ಲ."

"ತಂತಿ ಹೋಗೂದಿಲ್ರಿ," ಎಂದೆ. "ಬಿಸಿ ಆದ್ರ ಮನಿ ಹೋಗತೈತ್ರಿ."

ಅವನು ನನ್ನನ್ನೇ ನೋಡುತ್ತ ತಂಬಾಕಿನ ಡಬ್ಬಿ ತೆಗೆದ. ಅದರಲ್ಲಿ ಎರಡು ಬಗೆಯ ಫ್ಯೂಜುಗಳಿದ್ದವು: ನೂರಾ ಇಪ್ಪತ್ತೊಂದು, ನೂರಾ ನಲವತ್ತೊಂದು. ಎರಡರಲ್ಲೂ ಮೊದಲು ಒಂದು, ಕೊನೆಗೆ ಒಂದು! ಬಸ್ಸು ಹೋಗುವವರೆಗೂ ಯೋಚಿಸಿ, ಕಡಿಮೆಯದ್ದೇ ಕ್ಷೇಮ ಎಂದು ಇಪ್ಪತ್ತೊಂದರದ್ದು ತಂದೆ. ಬೆಸುಗೆ ಹಾಕಿದರೆ ಆ ಬಿಸಿಗೇ ಅದು ಹೋದೀತೆಂದು, ತಂತಿಗಳನ್ನು ಹಿತ್ತಾಳೆಯ ಕೊಳವೆಯಲ್ಲಿ ಸೇರಿಸಿ ಇಕ್ಕಳದಿಂದ ಹಿಚುಕಿ ಜೋಡಿಸಿದೆ. ಡ್ರೈಯರ್ ಭರ್ ಎಂದಿತು. ಅವ್ವ ದೇವರಿಗೆ ಕೈ ಮುಗಿದಳು. ಅವಳು ಕಣ್ಣು ತೆರೆಯುವಷ್ಟರಲ್ಲಿ ಭರ್ ನಿಂತಿತು.

ಅತಿ ಜಾಗ್ರತೆಯ ಕೇಡು ಇದು. ಫ್ಯೂಜಿನ ಅಂಕಿ ಡ್ರೈಯರಿನ ದಿನನಿತ್ಯದ ಬಿಸಿಗಿಂತ ಸಾಕಷ್ಟು ಮೇಲಿರಬೇಕು, ಪ್ಲಾಸ್ಟಿಕ್ಕು ಕರಗುವ ಬಿಸಿಗಿಂತ ಕೆಳಗಿರಬೇಕು. ನಾನು ತಂದದ್ದು ಮೈ ತುಸು ಬೆಚ್ಚಗಾದರೂ ಜ್ವರವೆಂದು ಕಂಬಳಿ ಹೊದ್ದು ಮಲಗುವ ಜಾತಿಯದು.

ಮರುದಿನ ಮತ್ತೆ ತಲೆ ಬಾಚಿ, ಮತ್ತೆ ಅಣ್ಣನ ಅಂಗಿ, ಮತ್ತೆ ಚಿಕ್ಕೋಡಿ, ಮತ್ತೆ ಹುಣಸೆ ಮರ. ನೂರಾ ನಲವತ್ತೊಂದರದ್ದನ್ನು ತಂದೆ. ಜೋಡಿಸಲು ಕೂತಾಗ ಅವ್ವ ನನ್ನ ಕೈ ಹಿಡಿದಳು.

"ತಡಿ. ಇದು ಡುಪ್ಲಿಕೇಟ ಇದ್ರ? ಹೋಗೂ ಹೊತ್ತಿನ್ಯಾಗ ಹೋಗದ, ಹುಡುಗಿ ಕೂದಲಾ ಸುಟ್ಟರ?"

ಪ್ರಶ್ನೆ ನ್ಯಾಯವಾಗಿತ್ತು. ಪರೀಕ್ಷಿಸದೆ ಯಾವುದನ್ನೂ ನಂಬುವವನು ನಾನಲ್ಲ. ಫ್ಯೂಜನ್ನು ಬ್ಯಾಟರಿಯ ಸೆಲ್ಲಿಗೂ ಬಲ್ಬಿಗೂ ಜೋಡಿಸಿ ಮೊದಲು ಕುದಿಯುವ ನೀರಿನಲ್ಲಿ ಇಳಿಬಿಟ್ಟೆ. ಬಲ್ಬು ಉರಿಯುತ್ತಲೇ ಇತ್ತು. ಶಾಬಾಸ್! ಆಮೇಲೆ ಅವ್ವನ ಬಜಿ ಬಾಣಲೆಯ ಎಣ್ಣೆಯಲ್ಲಿ ಇಳಿಬಿಟ್ಟೆ. ಅವ್ವ ಉರಿ ದೊಡ್ಡದು ಮಾಡಿದಳು. ಇಬ್ಬರೂ ಉಸಿರು ಬಿಗಿಹಿಡಿದು ಬಲ್ಬನ್ನೇ ನೋಡುತ್ತಿದ್ದೆವು. ಎಣ್ಣೆ ಬಜಿ ಬಿಡುವ ಹದಕ್ಕೆ ಬಂತು. ಬಲ್ಬು ಫಕ್ಕನೆ ಆರಿತು.

"ಹೋತು!" ಎಂದಳು ಅವ್ವ.

"ಹೋಗಬೇಕವ್ವಾ! ಅದರ ಕೆಲಸಾನ ಹೋಗೂದು. ನೋಡು, ಒಂದ ನಂಬರ ಮಾಲು!"

"ಚಲೋ ಆತು ತಗಿ. ಈಗ ಡ್ರೈಯರಿಗೆ ಜೋಡಸು."

ನಾನು ಫ್ಯೂಜನ್ನು ಎಣ್ಣೆಯಿಂದ ಎತ್ತಿ ಒರೆಸಿದೆ.

"ಇನ್ನ ಬರೂದಿಲ್ಲವ್ವಾ ಇದು. ಒಮ್ಮಿ ಹೋದ್ರ ಹೋತು."

ಅವ್ವ ನನ್ನನ್ನೂ ಫ್ಯೂಜನ್ನೂ ಬಾರಿ ಬಾರಿ ನೋಡಿದಳು. "ಅಂದ್ರ ಪಾಸಾತು, ಸತ್ತತು. ನೀ ಶಾಲಿ ಬಿಟ್ಟಿದ್ದ ಚಲೋ ಆತು ಬಿಡಪಾ."

ಐತವಾರ ಮೊದಲ ಬಸ್ಸಿಗೇ ಹೋದೆ. ಜ್ಞಾನದೇವ ಬಾಗಿಲು ತೆಗೆಯುತ್ತಲೇ ನಕ್ಕು, ನಾನು ಬಾಯಿ ತೆರೆಯುವ ಮೊದಲೇ ಡಬ್ಬಿ ಹೊರತೆಗೆದ. ಈ ಸಲ ಪರೀಕ್ಷೆಯಿಲ್ಲ, ದೇವರ ಮೇಲೆ ಭಾರ. ಜೋಡಿಸಿದೆ. ಭರ್ ಎಂದದ್ದು ನಾನು ನಿಲ್ಲಿಸುವವರೆಗೂ ನಿಲ್ಲಲಿಲ್ಲ. ಅಷ್ಟಕ್ಕೇ ಬಿಡದೆ ಒಳಗಿನ ಗೋದಿಹಿಟ್ಟು, ರೆಕ್ಕೆಗೆ ಸುತ್ತಿದ್ದ ಉದ್ದ ಕೂದಲು, ಜಾಳಿಗೆಯ ಧೂಳು ಎಲ್ಲವನ್ನೂ ಬ್ರಶ್ಶಿನಿಂದ ತೆಗೆದು, ಸ್ಕ್ರೂಗಳನ್ನು ಒರೆಸಿ, ಡ್ರೈಯರನ್ನು ಅದರ ಡಬ್ಬಿಯಲ್ಲಿಟ್ಟೆ.

ಸಂಜೆ ವೈನಿ ಬಂದಳು. ನೆರೆಮನೆಯ ಸಕ್ಕುಬಾಯಿ ನಿಪ್ಪಾಣಿಯ ಸುದ್ದಿ ಕೇಳಲು ಬಂದು ಹೊಸಲಿನ ಮೇಲೆ ಕೂತಳು. ವೈನಿ ಡಬ್ಬಿ ತೆರೆದವಳೇ ಹುಬ್ಬೇರಿಸಿದಳು.

"ಅಗಬಾಯಿ! ಇದರಾಗಿನ ಧೂಳ ಎಲ್ಲಿ ಹೋತ್ರಿ? ನಾ ಮದಲ ತಂದಾಗೂ ಇಷ್ಟ ಸ್ವಚ್ಛ ಇರಲಿಲ್ಲ. ಯಾರ ಬಿಚ್ಚಿದ್ರಿ ಇದನ್ನ?"

ಇಂಥ ಕೆಲಸ ಮಾಡುವವನು ಮನೆಯಲ್ಲಿ ಒಬ್ಬನೇ ಎಂದು ಎಲ್ಲರಿಗೂ ಗೊತ್ತು. ಎಲ್ಲರೂ ನನ್ನನ್ನು ನೋಡಿದರು.

"ಭಾವೋಜಿ, ನಿಮಗ್ಯಾಕ ಬೇಕಾಗಿತ್ರಿ ಇದು?"

ನಾನು ಅವ್ವನ ಕಡೆ ನೋಡಿದೆ. ಅವ್ವ ಕಣ್ಣು ಕೂಡ ಮಿಟುಕಿಸಲಿಲ್ಲ.

"ಇನ್ನ್ಯಾಕವಾ? ಕೂದಲಾ ಒಣಗಿಸ್ಕೋತಿದ್ದ. ಈಗಿನ ಹುಡುಗೋರು!"

"ಹಾಂ, ಈಗ ತಿಳೀತ!" ಎಂದು ಸಕ್ಕುಬಾಯಿ ತೊಡೆ ತಟ್ಟಿದಳು. "ನಮ್ಮ ಮನ್ಯಾರು ಬಸ್ಸಿನ್ಯಾಗೂ ಪ್ಯಾಟ್ಯಾಗೂ ಇವನ್ನ ನೋಡ್ಯಾರ. ದಿನಾ ಚಿಕ್ಕೋಡಿ! ತಲಿ ಬಾಚಿ, ಅಣ್ಣನ ಅಂಗಿ ಹಾಕ್ಕೊಂಡು! ಒಂದ ಹುಣಸಿ ಗಿಡದ ಬುಡಕ ತಾಸಗಟ್ಲೆ ನಿಂತಿರತಾನಂತ!"

"ನನ್ನ ಹೊಸಾ ಅಂಗಿ?" ಎಂದ ಅಣ್ಣ.

"ಅಯ್ಯ ಭಾವೋಜಿ, ಯಾರ್ರೀ ಅಕಿ?" ಎಂದಳು ವೈನಿ. ಅವಳಿಗೆ ಸಿಟ್ಟು ಬಂದಿದ್ದರೆ ನಾನು ಹೇಗೋ ತಡೆದುಕೊಳ್ಳುತ್ತಿದ್ದೆ. ಅವಳಿಗೆ ಆನಂದವಾಗಿತ್ತು.

ಸತ್ಯ ನನ್ನ ನಾಲಗೆಯ ತುದಿಗೆ ಬಂತು. ಅವ್ವ ಸೆರಗಿನ ಮರೆಯಲ್ಲಿ ಎರಡೂ ಕೈ ಜೋಡಿಸಿದಳು. ಆಣೆ! ಸತ್ಯವನ್ನು ನುಂಗಿದೆ. ನಾನು ಮಾತಾಡದ್ದನ್ನು ಎಲ್ಲರೂ ನಾಚಿಕೆಯೆಂದು ತಿಳಿದರು. (ನಾಚಿಕೆಯೂ ಇತ್ತು ಅನ್ನಿ.)

"ಒಣಗಸೂ ರೀತಿ ಬ್ಯಾರೆ ಇರತೈತ್ರಿ. ತಲಿ ತೋಯಿಸ್ಕೊಂಡ ಬರ್ರಿ, ನಾ ಕಲಸತೇನಿ," ಎಂದು ವೈನಿ ನನ್ನನ್ನು ಎಳೆದೊಯ್ದು ಅಂಗಳದ ಕಟ್ಟೆಯ ಮೇಲೆ ಕೂರಿಸಿದಳು. ಸಕ್ಕುಬಾಯಿ ಓಣಿಯವರನ್ನೆಲ್ಲ ಕೂಗಿ ಕರೆದಳು. ನಲ್ಲಿಗೆ ಬಂದವರು ಕೊಡ ಇಳಿಸಿ ನಿಂತರು. ಅವ್ವ ಎಲ್ಲರೆದುರು, "ಏನ ಅನ್ರಿ, ಮಷೀನ ಭಾಳ ಚಲೋ ಐತಿ" ಎಂದಳು. ಡ್ರೈಯರ್ ಭರ್ ಎಂದಿತು. ವೈನಿ ನನ್ನ ಕೂದಲನ್ನು ಎಡಕ್ಕೆ ಏರಿಸಿದಳು, ಬಲಕ್ಕೆ ಇಳಿಸಿದಳು, ಮುಂದೆ ಒಂದು ಗುಂಗುರು ಬಿಟ್ಟಳು. ಹೆಂಗಸರು ಚಿಕ್ಕೋಡಿಯಲ್ಲಿ ತಮಗೆ ಗೊತ್ತಿರುವ ಹುಡುಗಿಯರ ಹೆಸರುಗಳನ್ನು ಒಂದೊಂದಾಗಿ ಹೇಳಿ ನನ್ನ ಮುಖ ನೋಡತೊಡಗಿದರು.

ನಾನು ಕಣ್ಣು ಮುಚ್ಚಿ ಆ ಫ್ಯೂಜನ್ನು ಬೇಡಿಕೊಂಡೆ: ತಂದೇ, ಈಗ ಹೋಗು, ಈ ಕ್ಷಣವೇ ಹೋಗು. ಅದು ಹೋಗಲಿಲ್ಲ. ಕೂದಲು ಒಣಗಿದ ಮೇಲೂ, ಇನ್ನೊಂದು ಗುಂಗುರು ಬಿಡುವವರೆಗೂ, ಅಪ್ಪ ಹೊಲದಿಂದ ಬಂದು ಬಾಯಿ ತೆರೆದು ನಿಂತ ಮೇಲೂ, ಭರ್ ಎನ್ನುತ್ತಲೇ ಇತ್ತು. ಅಷ್ಟು ನೋಡಿ ನೋಡಿ ಆ ಫ್ಯೂಜನ್ನು ಆರಿಸಿ ತಂದಿದ್ದೆ.