ಪರಮಶಿವಪ್ಪನ ಕಾರಿಗೆ ಮೊದಲ ಪೂಜೆ

ಗಂಡಸಿಗೆ ತಾಯಿ ಒಬ್ಬಳೇ ಎನ್ನುವುದು ಮದುವೆಯಾಗದವರ ಮಾತು. ಮದುವೆಯಾದವನಿಗೆ ಇಬ್ಬರು: ತನ್ನನ್ನು ಹೆತ್ತವಳು, ಹೆಂಡತಿಯನ್ನು ಹೆತ್ತವಳು. ಇಬ್ಬರೂ ಒಂದೇ ಊರಿನಲ್ಲಿದ್ದರೆ ಹೇಗೋ ಬದುಕಿಕೊಳ್ಳಬಹುದು. ತುಮಕೂರಿನಲ್ಲಿ ಕಬ್ಬಿಣದ ಅಂಗಡಿ ಇಟ್ಟಿದ್ದ ಪರಮಶಿವಪ್ಪನ ಹಣೆಬರಹಕ್ಕೆ ಒಬ್ಬಳು ಶಿಕಾರಿಪುರದಲ್ಲಿ, ಇನ್ನೊಬ್ಬಳು ಸೊರಬದಾಚೆ ಉಳವಿಯಲ್ಲಿ.

ನಯಾಪೈಸೆ ಬಂದ ಮರುವರ್ಷ ಪರಮಶಿವಪ್ಪ ಕಾರು ಕೊಂಡ. (ಯಾರೋ ಕಾಫಿ ತೋಟದವರು ಓಡಿಸಿ ಓಡಿಸಿ ಸುಸ್ತಾದ ಕಾರು. ಆದರೆ ನಮ್ಮ ಮನೆಯ ಮುಂದೆ ಮೊದಲ ಸಲ ನಿಂತದ್ದು ನಮಗೆ ಹೊಸದೇ ತಾನೆ?) ಕೊಂಡ ಸಂಭ್ರಮದಲ್ಲಿ ಅವನು ಎರಡು ಮಾತು ಕೊಟ್ಟ. ಕಾರು ಇನ್ನೂ ರಿಪೇರಿಯಲ್ಲಿದ್ದಾಗಲೇ ದೀಪಾವಳಿಗೆ ಬಸ್ಸಿನಲ್ಲಿ ಶಿಕಾರಿಪುರಕ್ಕೆ ಹೋಗಿ, ತಾಯಿ ದ್ಯಾಮಮ್ಮನ ಕೈ ಹಿಡಿದು, "ಅವ್ವಾ, ಕಾರಿಗೆ ಮೊದಲ ಪೂಜೆ ನಿನ್ನ ಕೈಯಿಂದ್ಲೇ. ಅಲ್ಲೀತನಕ ಅದರ ಮೇಲೆ ಒಂದು ಚಿಟಿಕೆ ವಿಭೂತಿ ಬೀಳಲ್ಲ" ಎಂದ. ಮುದುಕಿ "ಆಗ್ಲೇಳಪ್ಪ" ಎಂದಳು. ತುಮಕೂರಿಗೆ ಬಂದವನು, ಹೆಂಡತಿ ರಾಜೇಶ್ವರಮ್ಮ ಮುಖ ಊದಿಸಿಕೊಂಡಿದ್ದನ್ನು ನೋಡಲಾರದೆ, "ಈ ಸಲ ಮೊದಲು ನಿಮ್ಮವ್ವನ ಮನೆಗೇ ಕಣೇ" ಎಂದು ಅವಳಿಗೂ ಮಾತು ಕೊಟ್ಟ. ಎರಡೂ ಒಂದೇ ಬಾಯಿಂದ ಬಂದವು. ಬಾಯಿಗೇನೂ ತೊಂದರೆಯಾಗಲಿಲ್ಲ.

"ಶಿಕಾರಿಪುರ ದಾಟೇ ಅಲ್ವೇನ್ರೀ ಉಳವಿಗೆ ಹೋಗ್ಬೇಕು?" ಎಂದಳು ರಾಜೇಶ್ವರಮ್ಮ. "ನಿಮ್ಮವ್ವನ ಮನೆ ಮುಂದೇನೇ ಭರ್ರಂತ ಹೋಗ್ಬಿಡ್ತೀರಾ?"

"ಬುದ್ಧಿ ಉಪಯೋಗಿಸ್ಬೇಕು ಕಣೇ. ಶಿವಮೊಗ್ಗದಲ್ಲಿ ಸಾಗರದ ರಸ್ತೆ ಹಿಡಿಯೋದು. ಸಾಗರದಿಂದ ಉಳವಿ. ನಿಮ್ಮವ್ವನ್ನ ನೋಡ್ಕೊಂಡು ಸೊರಬದ ಮೇಲೆ ಹಿಂದ್ಗಡೆಯಿಂದ ಶಿಕಾರಿಪುರಕ್ಕೆ ಬರೋದು. ತುಮಕೂರಿಂದ ನೆಟ್ಟಗೆ ಇಲ್ಲಿಗೇ ಬಂದ್ವಿ ಅನ್ನೋದು."

"ಒಂದು ಸುಳ್ಳು ಹೇಳೋಕೆ ಅಷ್ಟು ದೂರ ಸುತ್ತಬೇಕಾ? ಪೆಟ್ರೋಲು ಏನಾಗ್ಬೇಕು?"

"ಅವ್ವನ ಮನಸ್ಸಿಗಿಂತ ಪೆಟ್ರೋಲು ಹೆಚ್ಚೇನೇ?"

ಅವನಿಗಿದ್ದ ಭಯ ನಿಜವಾಗಿ ಅದೊಂದೇ. ಅಪ್ಪ ಹೋದ ಮೇಲೆ ಸೆರಗು ಬಿಗಿದು ಮಕ್ಕಳನ್ನು ಸಾಕಿದವಳು ದ್ಯಾಮಮ್ಮ. ಈಗ ಕಣ್ಣು ಮಂಜು, ಬಾಯಲ್ಲಿ ಹಲ್ಲಿಲ್ಲ. ಈ ವಯಸ್ಸಿನಲ್ಲಿ ಅವಳು ತನ್ನಿಂದ ನೊಂದುಕೊಂಡರೆ ಪರಮಶಿವಪ್ಪನಿಗೆ ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಮಕ್ಕಳನ್ನು ಅಕ್ಕನ ಮನೆಯಲ್ಲಿ ಬಿಟ್ಟು ಗಂಡ ಹೆಂಡತಿ ಹೊರಟರು. ಕಾರು ಅರಸೀಕೆರೆ, ಕಡೂರು, ತರೀಕೆರೆ ಎಂದು ಒಂದೊಂದು ಊರಿನ ಬಾವಿಯ ರುಚಿಯನ್ನೂ ನೋಡುತ್ತ, ಶಿವಮೊಗ್ಗದಲ್ಲಿ ರಾತ್ರಿಯಿಡೀ ಹಬೆಯಾರಿಸಿಕೊಂಡು, ಮಾರನೆಯ ದಿನ ಉಳವಿ ತಲುಪಿತು.

ಅತ್ತೆ ಹಾಲಮ್ಮ ಬಾಗಿಲಲ್ಲೇ ನಿಂತಿದ್ದಳು. ಕೈಯಲ್ಲಿ ತಟ್ಟೆ, ತಟ್ಟೆಯಲ್ಲಿ ಬಟ್ಟಲು, ಬಟ್ಟಲಲ್ಲಿ ನೀರು ಹಾಕಿ ಕಲಸಿದ ವಿಭೂತಿ. ಪರಮಶಿವಪ್ಪ ಕಾರಿನೊಳಗಿಂದಲೇ ಎರಡೂ ಕೈ ಆಡಿಸಿದ.

"ಅತ್ತೇರೇ, ಪೂಜೆ ಗೀಜೆ ಬೇಡ್ರಿ!"

"ಎಂಥ ಬೇಡ? ಹೊಸ ಗಾಡಿ ಬರೀ ಹಣೇಲಿ ಓಡಾಡ್ತದಾ? ಅಳಿಯಂದ್ರೇ, ನಿಮ್ಮ ಅವ್ವಾರು..."

"ಅವ್ವನ ಸುದ್ದಿ ಆಮೇಲೆ ಮಾತಾಡಣ ಬಿಡ್ರಿ" ಎಂದು ಅವನು ಕಾಲು ಕೆಳಗಿಡುವಷ್ಟರಲ್ಲಿ ಬಾನೆಟ್ಟಿನ ಮೇಲೆ ಮೂರು ಬೆರಳು ಎಳೆದಾಗಿತ್ತು. ಹಾಲಮ್ಮನ ವಿಭೂತಿ ನಾಚಿಕೆ ಸ್ವಭಾವದ್ದಲ್ಲ. ಬಾಗಿಲುಗಳಿಗೆ, ಸ್ಟೇರಿಂಗಿಗೆ, ಹಾರನ್ನಿಗೆ, ಕೊನೆಗೆ ಹಿಂದೆ ಬಗ್ಗಿ ಹೊಗೆ ಕೊಳವೆಗೂ ಲಿಂಗದೀಕ್ಷೆಯಾಯಿತು. ಮೇಲೆ ಕುಂಕುಮ, ಸೇವಂತಿಗೆ, ಚಕ್ರಗಳ ಕೆಳಗೆ ನಿಂಬೆಹಣ್ಣು.

ರಾತ್ರಿ ಊಟಕ್ಕೆ ಕೂತಾಗ ಅತ್ತೆ "ನಿಮ್ಮ ಅವ್ವಾರು" ಎಂದಾಗಲೆಲ್ಲ ಪರಮಶಿವಪ್ಪ ಇನ್ನೊಂದು ಅಕ್ಕಿರೊಟ್ಟಿ ಕೇಳಿ ಮಾತು ತಪ್ಪಿಸಿದ. ಹೊಟ್ಟೆ ಬಿರಿಯುವಷ್ಟು ತಪ್ಪಿಸಿದ. ಬೆಳಿಗ್ಗೆ ಅವಳು ಮತ್ತೆ ಬಾಯಿ ತೆರೆಯುವ ಮೊದಲೇ ಗಾಡಿ ಹೊರಡಿಸಿಬಿಟ್ಟ.

ಸೊರಬ ಬಂತು. ದಂಡಾವತಿ ಹೊಳೆಯ ಬದಿಗೆ ಕಾರಿಳಿಸಿ, ಹೆಗಲ ಮೇಲಿನ ಶಲ್ಯ ತೆಗೆದು ನೀರಿಗೆ ಅದ್ದಿದ.

"ಏನ್ರೀ ಮಾಡ್ತಿದೀರಿ?"

"ಒರೆಸ್ತಿದೀನಿ. ಅವ್ವ ನೋಡಿದ್ರೆ ಮೊದಲ ಪೂಜೆ ಬೇರೆಯವರ ಕೈಲಿ ಆಗೋಯ್ತು ಅಂತ ಗೊತ್ತಾಗಲ್ವಾ? ನೀನೂ ಒಂದು ಕೈ ಹಾಕು."

"ಅಯ್ಯೋ ಶಿವನೇ! ದೇವರ ವಿಭೂತಿ ಒರೆಸೋದಾ? ಮುತ್ತೈದೆ ಹಣೆ ಒರೆಸಿದಂಗಿದೆ. ನನಗಾ ಪಾಪ ಬೇಡಪ್ಪ" ಎಂದು ರಾಜೇಶ್ವರಮ್ಮ ಮರದ ನೆರಳಿಗೆ ಹೋಗಿ ಬೆನ್ನು ತಿರುಗಿಸಿ ಕೂತಳು.

ಒಣಗಿದ ವಿಭೂತಿ ಬಿಡುವ ಲಕ್ಷಣ ಕಾಣಲಿಲ್ಲ. ಉಜ್ಜಿದಷ್ಟೂ ಹರಡಿ ಕಾರಿಗೆ ಕಾರೇ ಸನ್ಯಾಸಿಯಾಯಿತು. ಎಮ್ಮೆ ತೊಳೆಯುತ್ತಿದ್ದವನೊಬ್ಬ ಬಹಳ ಹೊತ್ತು ನೋಡಿ, ಹತ್ತಿರ ಬಂದು, ತಗ್ಗಿದ ದನಿಯಲ್ಲಿ ಕೇಳಿದ:

"ಗಾಡಿ ಯಜಮಾನ್ರು ತೀರಿಕೊಂಡ್ರಾ ಸ್ವಾಮಿ?"

"ಯಜಮಾನ ನಾನೇ ಕಣಯ್ಯಾ!"

ಅವನು ಪರಮಶಿವಪ್ಪನನ್ನು ಮೇಲಿಂದ ಕೆಳಗೆ ನೋಡಿ, "ಹಂಗಾರೆ ಜ್ವಾಪಾನ" ಎಂದು ಎಮ್ಮೆಯನ್ನು ಇನ್ನಷ್ಟು ಆಚೆಗೆ ಹೊಡೆದುಕೊಂಡು ಹೋದ.

ಅಷ್ಟರಲ್ಲಿ ಸಾಗರದಿಂದ ಶಿಕಾರಿಪುರಕ್ಕೆ ಹೋಗುವ ಬಸ್ಸು ಬಂತು. ಕಂಡಕ್ಟರು ಉಚ್ಚಂಗಪ್ಪ. ಟಿಕೆಟ್ ಹರಿಯುವುದು ಅವನ ಉಪವೃತ್ತಿ. ಊರಿಂದೂರಿಗೆ ಉಪ್ಪಿನಕಾಯಿ, ಸುದ್ದಿ ಸಾಗಿಸುವುದೇ ಮುಖ್ಯ ಕಸುಬು. ಬಾಗಿಲಲ್ಲಿ ಜೋತುಬಿದ್ದುಕೊಂಡೇ ಕೂಗಿದ:

"ಏನ್ರೀ ಪರಮಶಿವಪ್ನೋರೇ, ಗಾಡಿಗೆ ಸ್ನಾನವಾ?"

"ಧೂಳು ರೀ, ಧೂಳು!"

"ಈ ರಸ್ತೇಲಿ ಬೆಳ್ಳನೆ ಧೂಳು ಎಲ್ಲಿ ಸಿಕ್ತು ನಿಮಗೆ?" ಎಂದು ಸೀಟಿ ಊದಿದ. ಬಸ್ಸು ಹೋಯಿತು.

ಪರಮಶಿವಪ್ಪ ಶಿಕಾರಿಪುರ ಮುಟ್ಟುವಾಗ ಮಧ್ಯಾಹ್ನ. ಕಾರು ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ದ್ಯಾಮಮ್ಮ ಹೊಸ ಸೀರೆಯುಟ್ಟು ಕಟ್ಟೆಯ ಮೇಲೆ ಕೂತಿದ್ದಳು, ಪಕ್ಕದಲ್ಲಿ ಒಂದು ಬಟ್ಟೆ ಗಂಟು. ಪೂಜೆಯ ತಟ್ಟೆ ಮಾತ್ರ ಎಲ್ಲೂ ಕಾಣಲಿಲ್ಲ.

"ಅವ್ವಾ, ತುಮಕೂರಿಂದ ನೆಟ್ಟಗೆ ನಿನ್ನ ಹತ್ರಾನೇ ಬಂದೆ. ಹೇಳಿದ್ನಲ್ಲ, ಮೊದಲ ಪೂಜೆ ನಿಂದೇ. ಗಾಡೀನ ಒಬ್ಬರೂ ಮುಟ್ಟಿಲ್ಲ."

ದ್ಯಾಮಮ್ಮ ಎದ್ದು, ಕೋಲೂರಿಕೊಂಡು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ಹಾಲಮ್ಮ ಹಚ್ಚಿದ ವಿಭೂತಿ ಎಲ್ಲೈತೋ?"

ಪರಮಶಿವಪ್ಪ ಹೆಂಡತಿಯ ಮುಖ ನೋಡಿದ. ಅವಳು ಆಕಾಶ ನೋಡಿದಳು.

"ನೀವು ಮೊದಲು ಉಳವಿಗೆ ಹೋಗ್ತೀರಿ ಅಂತ ಸೊಸಿ ತವರಿಗೆ ಕಾಗದ ಬರೆದಿದ್ದು ಉಚ್ಚಂಗಿ ಬಾಯಲ್ಲಿ ಹೋದವಾರಾನೇ ಕೇಳೀನಿ. ಚಲೋ ಆತು ಅಂದ್ಕಂಡೆ. ಪೂಜಿ ನೀನೇ ಮಾಡವ್ವ ಅಂತ ಬೀಗಿತ್ತಿಗೆ ಹೇಳಿ ಕಳಿಸಿದಾಕಿ ನಾನು!"

"ನೀನಾ? ದೀಪಾವಳೀಲಿ ಆಗ್ಲಿ ಅಂದಿದ್ದೆಯಲ್ಲವ್ವಾ!"

"ಮಗ ಅಷ್ಟು ಆಸೆಪಟ್ಟು ಹೇಳಾಗ ಬ್ಯಾಡ ಅಂತಾರೇನೋ? ನನ್ನ ಕೈಗುಣ ನಿನಗ ಗೊತ್ತಿಲ್ಲೇನು? ನಿಮ್ಮಪ್ಪ ತಂದ ಹೊಸ ಗಾಡಿಗೆ ನಾನು ಪೂಜಿ ಮಾಡ್ದೆ, ಸಂತಿಗೆ ಹೋಗಾದ್ರಾಗ ಅಚ್ಚು ಮುರೀತು. ನಿಮ್ಮಣ್ಣನ ಸೈಕಲ್ಲಿಗೆ ಮಾಡ್ದೆ, ಕೆರಿಗೆ ಬಿತ್ತು. ಹಾಲಮ್ಮನ ಕೈ ಹಂಗಲ್ಲ, ಆಕಿ ಮುಟ್ಟಿದ್ದು ಬಾಳ್ತತಿ. ನನ್ನ ಮಗ ನೂರು ಊರು ತಿರುಗಾವ, ಚೆಂದಾಗಿರ್ಲಿ ಅಂತ ನಾನು ಹಚ್ಚಿಸಿದ್ರೆ, ನೀನು ಹೊಳಿಗೆ ಹೋಗಿ ತೊಳ್ಕಂಡು ಬಂದ್ಯಂತಲ್ಲೋ, ಉಚ್ಚಂಗಿ ಈಗ ಬಂದು ಹೇಳ್ದ!" ಮುದುಕಿಯ ಕಣ್ಣಲ್ಲಿ ನೀರೇ ಬಂತು. ಯಾವುದನ್ನು ತಪ್ಪಿಸಲು ಅವನು ಸಾಗರ ಸುತ್ತಿ ಬಂದಿದ್ದನೋ ಅದು ಎದುರಿಗೇ ನಿಂತಿತ್ತು.

"ತಪ್ಪಾತು ಅವ್ವಾ. ಈಗ್ಲೇ ಉಳವಿಗೆ ಹೋಗಿ ಇನ್ನೊಂದ್ಸಲ ಹಚ್ಚಿಸ್ತೀನಿ. ನೀನೂ ಬಾ, ಹತ್ತು" ಎಂದು ಕಾರಿನ ಬಾಗಿಲು ತೆರೆದ.

"ವಿಭೂತಿ ಅಳಿಸಿದ ಗಾಡಿಗಾ? ನಾನು ಹತ್ತಂಗಿಲ್ಲ. ಸೊಸೀನೂ ಹತ್ತಂಗಿಲ್ಲ. ಉಚ್ಚಂಗಿ ಬಸ್ಸು ತಿರುಗಿ ಹೊಂಟೈತಿ, ಅದಕ್ಕೇ ಗಂಟು ಕಟ್ಕಂಡು ಕುಂತೀನಿ, ನಾವು ಅದ್ರಾಗ ಬರ್ತೀವಿ. ನೀನು ಹಿಂದ ಬಾ."

ರಾಜೇಶ್ವರಮ್ಮ ಅತ್ತೆಯ ಬಟ್ಟೆ ಗಂಟನ್ನು ಎತ್ತಿಕೊಂಡಳು. (ಮದುವೆಯಾದಂದಿನಿಂದ ಅತ್ತೆಯ ಮಾತಿಗೆ ಅವಳು ಅಷ್ಟು ಬೇಗ ಒಪ್ಪಿದ್ದು ಅದೇ ಮೊದಲು.) ಉಚ್ಚಂಗಪ್ಪ ಇಬ್ಬರಿಗೂ ಮುಂದಿನ ಸೀಟು ಬಿಡಿಸಿಕೊಟ್ಟ. ಕಾರಿನ ಯಜಮಾನರಾದ ಪರಮಶಿವಪ್ಪನವರು ಶಿರಾಳಕೊಪ್ಪ, ಸೊರಬ ದಾಟಿ ಉಳವಿಯವರೆಗೂ ಒಬ್ಬರೇ ಆ ಬಸ್ಸಿನ ಕೆಂಧೂಳನ್ನು ಕುಡಿಯುತ್ತ ಸವಾರಿ ಮಾಡಿದರು.

ಹಾಲಮ್ಮ ಸುದ್ದಿ ಕೇಳಿ ಕೆನ್ನೆ ಕೆನ್ನೆ ಬಡಿದುಕೊಂಡಳು. ಬೀಗಿತ್ತಿಯರು ಒಬ್ಬರನ್ನೊಬ್ಬರು ತಬ್ಬಿಕೊಂಡು, ಅತ್ತು, ನಕ್ಕು ಆದ ಮೇಲೆ ಮತ್ತೆ ಬಟ್ಟಲು ಬಂತು. ಹಾಲಮ್ಮ ಅದನ್ನು ಹಿಡಿದು ಕಾರಿನ ಕಡೆ ಹೊರಟಾಗ ದ್ಯಾಮಮ್ಮ ಕೋಲು ಅಡ್ಡ ಹಿಡಿದಳು.

"ಗಾಡಿದು ಆಮ್ಯಾಲೆ ಮಾಡುವಂತಿ ಬೀಗಿತ್ತೀ. ಮೊದಲು ಇವನಿಗೆ ಹಚ್ಚು. ಗಾಡಿಗೇನಾಗೈತಿ? ಕೆಟ್ಟಿರಾವ ಓಡ್ಸಾವ."

ಹಾಲಮ್ಮ ಅಳಿಯನೆಂದು ಸಂಕೋಚಪಡಲಿಲ್ಲ. ಧೂಳು ಮೆತ್ತಿದ ಹಣೆಯ ಮೇಲೆ ಈ ಕಿವಿಯಿಂದ ಆ ಕಿವಿಗೆ ಮೂರು ಬೆರಳು ಎಳೆದಳು. ವಿಭೂತಿಯ ನೀರು ಮೂಗಿನ ಮೇಲೆ ಇಳಿಯತೊಡಗಿತು, ತುರಿಸತೊಡಗಿತು. ಮೂವರು ಹೆಂಗಸರೂ ಅವನ ಕೈಯನ್ನೇ ನೋಡುತ್ತ ನಿಂತಿದ್ದರು. ಪರಮಶಿವಪ್ಪ ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡ.